ತಾಯಿ ಮೊದಲು

ಮೊದಲ ಪೊಟ್ಟಣ ಬಿಚ್ಚಿದಾಗ, ಒಣಗಿಸುವ ತಟ್ಟೆಗಳು ಅದಲುಬದಲಾಗಿರಬೇಕು ಎಂದುಕೊಂಡೆ. ಪೊಟ್ಟಣದ ಮೇಲೆ 7 × 20 ಎಂದಿತ್ತು. ಒಳಗಿದ್ದ ಐದು ಕಾಳುಗಳು ಕೆನೆ ಬಣ್ಣದವು. ಎರಡನೆಯದರ ಮೇಲೆ 7 × 18, ಅದರಲ್ಲಿ ಕೆಂಪು ಕಾಳು. ಎಂಟನೆಯದರವರೆಗೂ ಹೀಗೇ. ಏಳನೇ ನಂಬರಿನ ಬೀನ್ಸ್ ಕಪ್ಪು ಕಾಳಿನದು. ಅದು ತಾಯಿಯಾಗಿದ್ದರೆ ಈ ಪೊಟ್ಟಣಗಳಲ್ಲೆಲ್ಲ ಕಪ್ಪು ಕಾಳೇ ಇರಬೇಕಿತ್ತು.

ಹೂವಿಗೆ ಹೂವು ಕೂಡಿಸಿ ಬೀನ್ಸಿನ ಹೊಸ ತಳಿ ಮಾಡುವುದು ನಮ್ಮ ಕೇಂದ್ರದ ಕೆಲಸ. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತೇ ಚಿಮಟದಿಂದ ಬಿಡಿಸಿ, ಒಳಗಿನ ಹತ್ತು ಕೇಸರಗಳನ್ನು ಕಿತ್ತು, ಇನ್ನೊಂದು ಗಿಡದ ಹೂವಿನ ಪರಾಗವನ್ನು ಸವರಬೇಕು. ಮೊಗ್ಗು ಇರುವ ಗಿಡ ತಾಯಿ, ಪರಾಗ ಕೊಟ್ಟದ್ದು ತಂದೆ. ಸಣ್ಣ ಚೀಟಿಯ ಮೇಲೆ ಎರಡರ ಸಂಖ್ಯೆಯನ್ನೂ ಬರೆದು ಆ ಹೂವಿನ ತೊಟ್ಟಿಗೆ ದಾರದಿಂದ ಕಟ್ಟಬೇಕು. ತಾಯಿಯದು ಮೊದಲು, ತಂದೆಯದು ಆಮೇಲೆ. ಕಾಲೇಜಿನ ಮೊದಲ ವಾರದಲ್ಲೇ ಇದನ್ನು ಹೇಳಿಕೊಡುತ್ತಾರೆ. ಎಲ್ಲ ಅರ್ಜಿಗಳಲ್ಲೂ ತಂದೆಯ ಹೆಸರನ್ನೇ ಮೊದಲು ಬರೆದು ಬೆಳೆದ ನಮಗೆ ಆಗ ಅದು ತಮಾಷೆಯಾಗಿ ಕಂಡಿತ್ತು. ಇನ್ನೊಂದನ್ನೂ ಹೇಳಿಕೊಡುತ್ತಾರೆ: ಕಾಳಿನೊಳಗಿನ ಮೊಳಕೆಯಲ್ಲಿ ತಂದೆತಾಯಿ ಇಬ್ಬರೂ ಇರುತ್ತಾರೆ, ಆದರೆ ಹೊರಗಿನ ಸಿಪ್ಪೆ ಪೂರ್ತಿ ತಾಯಿಯದು. ತಾಯಿ ಕಪ್ಪು ಕಾಳಿನವಳಾದರೆ ಮಗುವಿನ ಮೈಮೇಲೂ ಅದೇ ಕಪ್ಪು ಅಂಗಿ.

ನನ್ನೆದುರಿನ ಮಕ್ಕಳೆಲ್ಲ, ಚೀಟಿ ಹೇಳುವ ಪ್ರಕಾರ, ತಂದೆಯ ಅಂಗಿ ತೊಟ್ಟಿದ್ದವು.

ಬೀಜದ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲ ಅರವತ್ತೊಂದು ಪೊಟ್ಟಣಗಳನ್ನೂ ಮೇಜಿನ ಮೇಲೆ ಸಾಲಾಗಿಟ್ಟೆ. ಎರಡು ವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಬೆನ್ನು ಬಗ್ಗಿಸಿ ನಾನು ಮಾಡಿದ ಇನ್ನೂರ ನಲವತ್ತು ಹೂವುಗಳಲ್ಲಿ ಕಾಯಿ ಕಚ್ಚಿದ್ದು ಇಷ್ಟೇ. ಕಾಯಿ ಬಲಿತು ಕೊಯ್ಯುವ ಹೊತ್ತಿಗೆ ನನಗೆ ಜ್ವರ ಬಂದು ಒಂಬತ್ತು ದಿನ ಮಲಗಿದ್ದೆ. ತೋಟದ ಹೆಂಗಸರು ಚೀಟಿ ನೋಡಿ ಕೊಯ್ದು ಪೊಟ್ಟಣಕ್ಕೆ ಹಾಕಿದ್ದರು, ಕುಂಡಗಳನ್ನು ತೊಳೆದು ಬೋರಲು ಹಾಕಿದ್ದರು. ಗಿಡದಲ್ಲೇ ಕಾಯಿ ನೇತಾಡುತ್ತಿದ್ದಾಗ ನಾನು ದಿನಾ ಎಣಿಸುತ್ತಿದ್ದೆ. ಚೀಟಿಯನ್ನು ಮಾತ್ರ ಓದಿರಲಿಲ್ಲ. ಎರಡು ಸಂಖ್ಯೆ ಕಂಡರೆ ಸಾಕು, ಕಣ್ಣು ಮುಂದಕ್ಕೆ ಹೋಗುತ್ತಿತ್ತು.

ನಾನು ಅಲ್ಲಿ ಒಂದು ವರ್ಷದ ತಾತ್ಕಾಲಿಕ ಸಹಾಯಕಿ. ಒಂಬತ್ತು ತಿಂಗಳು ಮುಗಿದಿತ್ತು. ವರ್ಷ ಮುಗಿಯುವುದರೊಳಗೆ ಬೀನ್ಸ್ ತಳಿಯ ಕೆಲಸ ನೋಡಿಕೊಳ್ಳುವ ಮೇಡಂ ನನ್ನ ಬಗ್ಗೆ ಒಂದು ಪತ್ರ ಬರೆದರೆ ಇನ್ನು ನಾಲ್ಕು ವರ್ಷ ಅಲ್ಲೇ ಉಳಿದು, ಕೆಲಸ ಮಾಡುತ್ತಲೇ ಮುಂದಿನ ಓದನ್ನೂ ಮುಗಿಸಿ, ತಳಿ ಮಾಡುವವಳು ಎಂದು ಕರೆಸಿಕೊಳ್ಳಬಹುದಿತ್ತು. ಬರೆಯದಿದ್ದರೆ ಆ ಬಾಗಿಲು ಮುಚ್ಚಿದ ಹಾಗೆ. ಹದಿನೆಂಟು ವರ್ಷ ಕೇಂದ್ರದ ಗಾಜಿನಮನೆಯ ಹೂವುಗಳನ್ನೆಲ್ಲ ಮೇಡಂ ತಾವೇ ಕೂಡಿಸಿದ್ದವರು. ಕೈ ನಡುಗಲು ಶುರುವಾದ ಮೇಲೆ ಚಿಮಟವನ್ನು ನನ್ನ ಕೈಗೆ ಕೊಟ್ಟಿದ್ದರು. ಕೊಡುವಾಗ ಏನೂ ಹೇಳಿರಲಿಲ್ಲ. ಅದೇ ನನಗೆ ಹೆಚ್ಚು ಭಾರವಾಗಿತ್ತು.

ಆ ದಿನ ಪೊಟ್ಟಣಗಳನ್ನು ಮತ್ತೆ ಮುಚ್ಚಿ ಡಬ್ಬಿಗೆ ಹಾಕಿ, ಯಾರಿಗೂ ಏನೂ ಹೇಳದೆ ಮನೆಗೆ ಹೋದೆ.

ಅಮ್ಮನದು ಇಸ್ತ್ರಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಳಗೆ ಹೋಗಬೇಕಾದರೆ ನೇತುಹಾಕಿದ ಅಂಗಿಗಳನ್ನು ಎರಡೂ ಕೈಯಿಂದ ಸರಿಸಿಕೊಂಡು ಹೋಗಬೇಕು. ಅಕ್ಕ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಆಗಷ್ಟೇ ಕೆಲಸದಿಂದ ಬಂದು ಸ್ಟೂಲಿನ ಮೇಲೆ ಕೂತು ಮಡಿಸಿದ ಬಟ್ಟೆಗೆ ಪೇಪರು ಸುತ್ತುತ್ತಿದ್ದಳು.

"ಏನೇ, ಮುಖ ಹಿಂಡಿದ ಬಟ್ಟೆ ಥರ ಆಗಿದೆ?" ಎಂದಳು ಅಮ್ಮ.

"ಏನಿಲ್ಲ."

"ಗಂಡಿನ ಕಡೆಯವರು ಒಪ್ಪಲಿಲ್ಲ ಅನ್ಸುತ್ತೆ," ಎಂದಳು ಅಕ್ಕ. ನಾನು ಬೀನ್ಸಿಗೆ ಸಂಬಂಧ ಕುದುರಿಸುವ ಕೆಲಸ ಮಾಡುತ್ತೇನೆಂಬುದು ಅವಳ ಹಳೆಯ ಹಾಸ್ಯ. ಆಮೇಲೆ ಹಾಸ್ಯ ಬಿಟ್ಟು, "ಮಾತ್ರೆ ಕಂಪನಿಯವರು ಮತ್ತೆ ಕೇಳಿದ್ರು ಕಣೆ. ಅವರ ಲ್ಯಾಬಲ್ಲಿ ಜಾಗ ಖಾಲಿ ಇದೆ. ಮುಂದಿನ ತಿಂಗಳು ಹದಿನೈದನೇ ತಾರೀಕಿನೊಳಗೆ ಹೂಂ ಅಥವಾ ಉಹೂಂ ಹೇಳಬೇಕಂತೆ. ಕಾಯಂ ಕೆಲಸ. ನಾನು ಎಷ್ಟು ಜನರ ಹತ್ರ ಹೇಳಿಸಿದೀನಿ ಗೊತ್ತಾ?"

"ಗೊತ್ತು ಅಕ್ಕ."

"ಗೊತ್ತು ಅಂತಾಳೆ. ಹೂಂ ಅಂತ ಮಾತ್ರ ಬಾಯಿಂದ ಬರಲ್ಲ."

ಅವಳು ಒಳಗೆ ಹೋದ ಮೇಲೆ ನಾನು ಅಮ್ಮನನ್ನು ಕೇಳಿದೆ, "ಗಿರಾಕಿ ಬಟ್ಟೆ ಅದಲುಬದಲಾದ್ರೆ ಏನು ಮಾಡ್ತೀಯಮ್ಮ?"

ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ನಾನೇ ಅವರ ಮನೆ ಬಾಗಿಲಿಗೆ ಹೋಗ್ತೀನಿ. ಅವರು ತೊಟ್ಟುಕೊಂಡು ಕನ್ನಡಿ ಮುಂದೆ ನಿಲ್ಲೋಕೆ ಮುಂಚೆ."

"ಬೈತಾರಲ್ಲ."

"ಬೈಲಿ. ಬೈದು ಮುಗಿದ ಮೇಲೆ ಮತ್ತೆ ನನ್ನ ಹತ್ರಾನೇ ಬರ್ತಾರೆ. ಗೊತ್ತಿದ್ದೂ ಸುಮ್ಮನಿದ್ದೆ ಅಂತ ಗೊತ್ತಾದ್ರೆ ಮಾತ್ರ ಬರಲ್ಲ." ಮತ್ತೆ ಪೆಟ್ಟಿಗೆ ತೆಗೆದುಕೊಂಡಳು. "ಯಾರ ಅಂಗಿ ಅದು?"

"ಬೀನ್ಸಿನದು," ಎಂದೆ.

ಮರುದಿನ ನಾನು ಹೋದದ್ದು ಮೇಡಂ ಹತ್ತಿರ ಅಲ್ಲ, ಚೀಟಿ ಮಾವನ ಹತ್ತಿರ. ಅಷ್ಟು ಧೈರ್ಯ ಮಾತ್ರ ಬಂದಿತ್ತು.

ಚೀಟಿ ಮಾವ ಇಪ್ಪತ್ತೆರಡು ವರ್ಷದಿಂದ ಕೇಂದ್ರದ ಚೀಟಿ ಬರೆಯುವವರು. ಹೂವು ಕೂಡಿಸುವವರು ಭೂತಗನ್ನಡಿಯಿಂದ ಕಣ್ಣು ತೆಗೆಯುವ ಹಾಗಿಲ್ಲ. ಹಾಗಾಗಿ ಅವರು ಸಂಖ್ಯೆ ಕೂಗುತ್ತಾರೆ, ಪಕ್ಕದಲ್ಲಿ ನಿಂತ ಮಾವ ಬರೆದು ಕಟ್ಟುತ್ತಾರೆ. ಬರೆಯುವುದು ಪೆನ್ಸಿಲಿನಲ್ಲೇ. ಪೆನ್ನಿನಲ್ಲಿ ಬರೆದರೆ ನೀರು ಬಿದ್ದ ಕೂಡಲೇ ಚೀಟಿ ಅಳುತ್ತದೆ ಎನ್ನುತ್ತಾರೆ. ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಕ್ಕಳನ್ನೆಲ್ಲ 'ತಾಯಿ' ಎಂದೇ ಕರೆಯುವುದು ಅವರ ರೂಢಿ.

"ಬಾ ತಾಯಿ. ಜ್ವರ ಬಿಡ್ತಾ?"

ನಾನು ಪೊಟ್ಟಣಗಳನ್ನು ಅವರ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ಓದಿದರು. "ಬರವಣಿಗೆ ನಂದೇ. ಚೆನ್ನಾಗೇ ಇದೆಯಲ್ಲ."

"ಕಾಳು ನೋಡಿ ಮಾವ."

ಅವರು ನೋಡಿದರು. ಒಂದನ್ನು ಅಂಗೈ ಮೇಲೆ ಹಾಕಿಕೊಂಡು ಮಗುಚಿದರು. ಇಪ್ಪತ್ತೆರಡು ವರ್ಷ ಇದ್ದವರಿಗೆ ನಾನು ವಿವರಿಸುವ ಅಗತ್ಯವಿರಲಿಲ್ಲ.

"ನೀನು ಏನಂತ ಕೂಗ್ತಿದ್ದೆ?"

"ತಾಯಿ ಮೊದಲು. ಇಪ್ಪತ್ತು, ಏಳು ಅಂತ."

"ತಾಯಿ ಮೊದಲು," ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಕನ್ನಡಕ ತೆಗೆದರು. "ಮೇಡಂ ತಂದೆನ ಮೊದಲು ಕೂಗ್ತಿದ್ರು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕೆಲಸದಲ್ಲಿ ಮೊದಲು ಕೈಗೆ ಬರುವುದು ತಂದೆಯ ಹೂವು. ಅದನ್ನು ಕಿತ್ತು ಬಟ್ಟಲಿಗೆ ಹಾಕಿಕೊಂಡು ತಾಯಿ ಗಿಡದ ಹತ್ತಿರ ಹೋಗುವುದು ಆಮೇಲೆ. ಮೇಡಂ ಕೈಗೆ ಬಂದ ಕ್ರಮದಲ್ಲೇ ಕೂಗುತ್ತಿದ್ದರು. ಮಾವ ಅದನ್ನು ತಿರುಗಿಸಿ, ತಾಯಿಯನ್ನು ಮೊದಲು ಮಾಡಿ ಬರೆಯುತ್ತಿದ್ದರು. ಹದಿನೆಂಟು ವರ್ಷ. ನಾನು ಬಂದು ಪುಸ್ತಕದಲ್ಲಿದ್ದಂತೆ ಸರಿಯಾಗಿ ಕೂಗಿದೆ. ಅವರು ಅದನ್ನೂ ತಿರುಗಿಸಿದರು.

"ಕಿವಿಗೆ ಬಿದ್ದದ್ದು ಕೈಗೆ ಇಳಿಯೋ ಹೊತ್ತಿಗೆ ತಿರುಗಿಬಿಟ್ಟಿರುತ್ತೆ ತಾಯಿ. ನಾನು ತಿರುಗಿಸ್ತೀನಿ ಅನ್ನೋದೇ ಮರೆತುಹೋಗಿತ್ತು."

"ಮೇಡಂಗೆ ಯಾವತ್ತೂ ಹೇಳಿರಲಿಲ್ವಾ?"

"ಹೇಗೆ ಹೇಳೋದು? ಅಷ್ಟು ಓದಿ ಬಂದೋರು. ಮೊದಲನೇ ವಾರದಲ್ಲೇ ಗೊತ್ತಾಯ್ತು. ನೀವು ತಪ್ಪು ಕೂಗ್ತೀರಿ ಅನ್ನೋದಕ್ಕಿಂತ ನಾನೇ ಸರಿಯಾಗಿ ಬರ್ಕೊಂಡ್ರೆ ಆಯ್ತು ಅಂತ ಬಿಟ್ಟೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು."

ಆಮೇಲೆ ಮಾವ ಜೇಬಿನಿಂದ ರಬ್ಬರು ತೆಗೆದರು.

"ಅರವತ್ತೊಂದು ತಾನೇ. ಊಟದ ಹೊತ್ತಿಗೆ ಮುಗಿಯುತ್ತೆ. ಎಲ್ಲಾನೂ ತಿರುಗಿಸಿಬಿಟ್ರೆ ಸರಿಹೋಯ್ತಲ್ಲ."

ನಾನು ಬೇಡ ಎನ್ನಲಿಲ್ಲ. ಅದನ್ನು ಇಲ್ಲಿ ಬರೆಯಲೇಬೇಕು. ಅವರು 7 × 20 ಅಳಿಸಿ 20 × 7 ಎಂದು ಬರೆದಾಗ ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನಾನು ಕಾಳು ನೋಡಿ ಹೇಳುತ್ತಾ ಹೋದೆ, ಅವರು ತಿದ್ದುತ್ತಾ ಹೋದರು. ಹದಿನಾಲ್ಕು ಚೀಟಿ ಹೀಗೇ ಸರಿಯಾದವು. ಹದಿನೈದನೆಯದನ್ನು ತೆಗೆದು ಕಾಳನ್ನೂ ಚೀಟಿಯನ್ನೂ ಎರಡು ಸಲ ನೋಡಿದೆ.

"ಏನು?"

"ಇದು ಸರಿಯಾಗಿದೆ ಮಾವ. ತಿರುಗಿಲ್ಲ."

ತಾರೀಕು ನೋಡಿದೆ. ನನಗೆ ಗಂಟಲು ಕಟ್ಟಿದ್ದ ದಿನ. ಅವತ್ತು ಬೆಳಿಗ್ಗೆ ಸ್ವಲ್ಪ ಹೊತ್ತು ಕೂಗಿದ್ದೆ, ಸ್ವರ ಹೊರಡದೆ ಹೋದ ಮೇಲೆ ಬೆರಳಿನಿಂದ ಕುಂಡಗಳನ್ನು ತೋರಿಸಿದ್ದೆ. ತೋರಿಸಿದ್ದನ್ನು ಮಾವ ಕಣ್ಣಿನಿಂದ ನೋಡಿ ಸರಿಯಾಗಿ ಬರೆದಿದ್ದರು. ಕೂಗಿದ್ದನ್ನು ತಿರುಗಿಸಿದ್ದರು. ಆ ದಿನದ ಹತ್ತು ಪೊಟ್ಟಣಗಳಲ್ಲಿ ಕಾಳಿನ ಬಣ್ಣದಿಂದ ತಿಳಿಯುವಂಥವು ನಾಲ್ಕು. ಅವುಗಳಲ್ಲಿ ಎರಡು ತಿರುಗಿದ್ದವು, ಎರಡು ಸರಿಯಿದ್ದವು. ಉಳಿದ ಆರು ಹನ್ನೆರಡನೇ ನಂಬರು ಮತ್ತು ಮೂವತ್ತೊಂದನೇ ನಂಬರಿನ ಮಕ್ಕಳು. ಎರಡಕ್ಕೂ ಕಂದು ಕಾಳು. ಅಕ್ಕಪಕ್ಕ ಇಟ್ಟರೂ ಗುರುತು ಸಿಗುವುದಿಲ್ಲ.

ಇಡೀ ವರ್ಷದಲ್ಲಿ ಮೇಡಂಗೆ ಬೇಕಾಗಿದ್ದದ್ದು ಆ ಆರು ಪೊಟ್ಟಣಗಳೇ. ಹನ್ನೆರಡು ಒಂದು ಪೊದೆ ಬೀನ್ಸ್. ಎಲ್ಲರಿಗೂ ಅದೇ ಬೇಕು, ಆದರೆ ತುಕ್ಕು ರೋಗ ಬಂದರೆ ಎಲೆಯೆಲ್ಲ ಕೆಂಪು ಪುಡಿಯಾಗಿ ಉದುರಿಹೋಗುತ್ತದೆ. ಮೂವತ್ತೊಂದು ಕೋಲು ಹತ್ತುವ ಬಳ್ಳಿ. ಕಾಯಿ ನಾರು ನಾರು, ಯಾರೂ ತಿನ್ನುವುದಿಲ್ಲ, ತುಕ್ಕು ಮಾತ್ರ ಅದನ್ನು ಮುಟ್ಟುವುದಿಲ್ಲ. ಒಂದರ ರುಚಿಗೆ ಇನ್ನೊಂದರ ಗಟ್ಟಿತನ ಸೇರಿಸಲು ಮೇಡಂ ಮೂರು ವರ್ಷ ನೋಡಿದ್ದರು, ಮೂರು ವರ್ಷವೂ ಕಾಯಿ ಕಚ್ಚಿರಲಿಲ್ಲ.

ಮಾವ ರಬ್ಬರನ್ನು ಮೇಜಿನ ಮೇಲಿಟ್ಟರು.

"ನನ್ನ ಹೆಸರೇ ಹೇಳು ತಾಯಿ. ಬರವಣಿಗೆ ನಂದು. ನನಗಿನ್ನೇನಾಗಬೇಕು? ನಿಂದು ಇನ್ನೂ ಶುರುವೇ ಆಗಿಲ್ಲ."

ಆ ಮಾತು ನನಗೆ ಹಿತವಾಗಿ ಕೇಳಿಸಿತು. ಅದರಲ್ಲಿ ಸುಳ್ಳೂ ಇರಲಿಲ್ಲ. ಸಂಜೆಯವರೆಗೂ ಅದನ್ನೇ ಬಾಯಿಪಾಠ ಮಾಡಿದೆ: ನಾನು ಸರಿಯಾಗಿಯೇ ಕೂಗಿದೆ, ಅವರು ತಪ್ಪಾಗಿ ಬರೆದರು. ಎಷ್ಟು ಸಲ ಹೇಳಿಕೊಂಡರೂ ವಾಕ್ಯ ಅಲ್ಲಿಗೇ ನಿಲ್ಲುತ್ತಿತ್ತು. ನಾನು ಚೀಟಿ ಓದಲಿಲ್ಲ ಎಂಬುದು ಅದರೊಳಗೆ ಹಿಡಿಸುತ್ತಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಮೇಡಂ ಕೋಣೆಗೆ ಹೋದೆ. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ನಾನು ಡಬ್ಬಿ ಇಟ್ಟು, ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ನಾನು ಕೂಗಿದ್ದು, ಅವರು ತಿರುಗಿಸಿದ್ದು, ಯಾಕೆ ತಿರುಗಿಸಿದರು ಎಂಬುದು, ನಾವು ಹದಿನಾಲ್ಕು ಚೀಟಿ ತಿದ್ದಿದ್ದು, ಆರು ಪೊಟ್ಟಣಗಳದ್ದು. 'ನೀವು ತಂದೆಯನ್ನು ಮೊದಲು ಕೂಗುತ್ತಿದ್ದಿರಿ' ಎಂಬುದನ್ನೂ ಬಿಡಲಿಲ್ಲ.

ಮೇಡಂ ಲೋಟ ಇಟ್ಟರು. "ಅವರನ್ನ ಕರಿ."

ಚೀಟಿ ಮಾವ ಬಂದು ಬಾಗಿಲ ಬಳಿ ನಿಂತರು.

"ಹದಿನೆಂಟು ವರ್ಷ ನಾನು ಉಲ್ಟಾ ಕೂಗ್ತಿದ್ನಾ?"

"ಹೌದು ಮೇಡಂ."

"ಒಂದು ಸಲವಾದ್ರೂ ಹೇಳಬಾರದಾ?"

ಮಾವ ನೆಲ ನೋಡಿದರು. "ನೀವೂ ಒಂದು ಸಲವಾದ್ರೂ ಚೀಟಿ ಓದಬಾರದಾ ಮೇಡಂ?"

ಮೇಡಂ ಮೂಗಿನಿಂದ ಒಂದು ಸದ್ದು ಬಂತು. ಅದು ನಗು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಓದ್ತಿದ್ದೆ ಕಣಪ್ಪ. ಎಲ್ಲಾ ಸರಿಯಾಗೇ ಇರ್ತಿತ್ತು. ನಾನೇ ಸರಿಯಾಗಿ ಕೂಗಿದೀನಿ ಅಂದ್ಕೊಂಡಿದ್ದೆ." ನಂತರ ನನ್ನ ಕಡೆ ತಿರುಗಿದರು. ಈಗ ಮುಖದಲ್ಲಿ ನಗು ಇರಲಿಲ್ಲ. "ನಿನಗೆ ಯಾವಾಗ ಗೊತ್ತಾಯ್ತು?"

"ಮೊನ್ನೆ."

"ಮೊನ್ನೆ ಗೊತ್ತಾಗಿದ್ದು ಇವತ್ತು ಹೇಳ್ತಿದೀಯ. ಮಧ್ಯೆ ರಬ್ಬರು ಬೇರೆ."

"ಹೆದರಿಕೆ ಆಯ್ತು ಮೇಡಂ."

"ತಪ್ಪು ಆಗುತ್ತೆ. ಎಲ್ಲರ ಕೈಯಲ್ಲೂ ಆಗುತ್ತೆ, ಈಗ ನೋಡಿದ್ಯಲ್ಲ. ಆದರೆ ಅಳಿಸಿದ ಚೀಟಿಗೂ ಸರಿಯಾದ ಚೀಟಿಗೂ ಆಮೇಲೆ ವ್ಯತ್ಯಾಸ ಕಾಣಲ್ಲ. ಉಳಿದ ತಿರುಗಿದವನ್ನ ಅಳಿಸದೆ ಪಕ್ಕದಲ್ಲಿ ತಿದ್ದು. ಆ ಹದಿನಾಲ್ಕರ ಪಕ್ಕದಲ್ಲೂ ಗುರುತು ಹಾಕಿ, ಹಳೇದು ಏನಿತ್ತು ಅಂತ ಬರಿ." ಆರು ಪೊಟ್ಟಣಗಳನ್ನು ಬೇರೆ ಮಾಡಿ ನನ್ನ ಕಡೆ ತಳ್ಳಿದರು. "ಇವನ್ನ ಬಿತ್ತು. ಹೂ ಬರಲಿ. ಪತ್ರದ ಮಾತು ಆಮೇಲೆ."

ಹೂವು ಯಾಕೆಂದರೆ, ತಾಯಿ ಯಾರು ತಂದೆ ಯಾರು ಎಂದು ಚೀಟಿ ಹೇಳದಿದ್ದರೂ, ಮಗು ನಿಜವಾಗಿ ಇಬ್ಬರದೂ ಆಗಿದ್ದರೆ ಇಬ್ಬರ ಗುರುತೂ ಅದರಲ್ಲಿ ಕಾಣುತ್ತದೆ. ಬಳ್ಳಿಯಾಗುವ ಗುಣ ಮೂವತ್ತೊಂದರಿಂದ ಬರುತ್ತದೆ. ಅದರ ಹೂವು ಬಿಳಿ. ನೇರಳೆ ಹೂವು ಹನ್ನೆರಡರಿಂದ ಬರುತ್ತದೆ, ಅದು ಪೊದೆ. ನನ್ನ ಕೈ ಕೆಲಸ ಕೆಟ್ಟು ಹೂವು ತನಗೆ ತಾನೇ ಕಾಳು ಕಟ್ಟಿಕೊಂಡಿದ್ದರೆ ಸಸಿ ಒಂದೋ ನೇರಳೆ ಹೂವಿನ ಪೊದೆಯಾಗುತ್ತದೆ, ಇಲ್ಲವೇ ಬಿಳಿ ಹೂವಿನ ಬಳ್ಳಿಯಾಗುತ್ತದೆ. ಕೋಲು ಹತ್ತಿ ನೇರಳೆ ಹೂ ಬಿಟ್ಟರೆ ಮಾತ್ರ ಅದು ಕೂಡಿಕೆಯ ಮಗು.

ಇಪ್ಪತ್ತೇಳು ಕಾಳು ಬಿತ್ತಿದೆ. ಇಪ್ಪತ್ನಾಲ್ಕು ಮೊಳೆತವು.

ಈ ನಡುವೆ ಬೇರೆ ಕ್ರಾಸುಗಳ ಕೆಲಸ ನಡೆದೇ ಇತ್ತು. ಮೇಡಂ ಹೊಸ ನಿಯಮ ಮಾಡಿದರು: ಬರೀ ಸಂಖ್ಯೆ ಕೂಗುವ ಹಾಗಿಲ್ಲ, 'ತಾಯಿ ಇಪ್ಪತ್ತು, ತಂದೆ ಏಳು' ಎಂದು ಪೂರ್ತಿ ಹೇಳಬೇಕು, ಮಾವ ತಾವು ಬರೆದದ್ದನ್ನು ಮತ್ತೆ ಓದಿ ಹೇಳಬೇಕು. ಮೊದಲ ದಿನ ನಾನು "ತಾಯಿ" ಎಂದು ಕೂಗಿದ ಕೂಡಲೇ ಮಾವ "ಏನು ತಾಯಿ?" ಎಂದರು.

"ನಿಮ್ಮನ್ನ ಕರೆದಿದ್ದಲ್ಲ ಮಾವ. ಗಿಡ."

"ಓ, ಗಿಡವಾ. ಹೇಳು ತಾಯಿ."

"ತಾಯಿ ಇಪ್ಪತ್ತು."

"ನಿಂಗೆ ಇಪ್ಪತ್ತನಾಲ್ಕು ಅಲ್ವಾ?"

ಭೂತಗನ್ನಡಿಯ ಹಿಂದೆ ನನ್ನ ಕೈ ಅಲುಗಿ ಒಂದು ಮೊಗ್ಗು ಹಾಳಾಯಿತು. ಅವತ್ತಿನಿಂದ ಅವರು ನನ್ನನ್ನು 'ಮಗಳೇ' ಎನ್ನತೊಡಗಿದರು. ಕೆಲಸಕ್ಕಾಗಿ, ಎಂದು ಸ್ಪಷ್ಟಪಡಿಸಿದರು.

ನಾನು ದಿನಕ್ಕೆ ಮೂರು ಸಲ ಆ ಇಪ್ಪತ್ನಾಲ್ಕು ಕುಂಡಗಳ ಮುಂದೆ ನಿಲ್ಲುತ್ತಿದ್ದೆ. ಮೂರನೇ ವಾರದವರೆಗೆ ಪೊದೆಗೂ ಬಳ್ಳಿಗೂ ವ್ಯತ್ಯಾಸವೇ ಕಾಣುವುದಿಲ್ಲ. ನಾಲ್ಕನೇ ವಾರದಲ್ಲಿ ಬಳ್ಳಿಯ ಕುಡಿ ತೆಳ್ಳಗೆ ಉದ್ದವಾಗಿ, ಹಿಡಿಯಲು ಏನಾದರೂ ಸಿಗುತ್ತದೇನೋ ಎಂದು ಗಾಳಿಯಲ್ಲಿ ತಡಕುತ್ತದೆ. "ಹೀಗೆ ದಿಟ್ಟಿಸಿ ನೋಡ್ತಿದ್ರೆ ಅವು ನಾಚಿಕೊಂಡು ಬೆಳೆಯೋದೇ ಬಿಟ್ಟುಬಿಡ್ತವೆ ಮಗಳೇ," ಎನ್ನುತ್ತಿದ್ದರು ಮಾವ. ಅವರೂ ದಿನಾ ಬೆಳಿಗ್ಗೆ ನನಗಿಂತ ಮುಂಚೆ ಬಂದು ನೋಡಿರುತ್ತಿದ್ದರು. ಒದ್ದೆ ನೆಲದ ಮೇಲೆ ಅವರ ಚಪ್ಪಲಿಯ ಗುರುತಿರುತ್ತಿತ್ತು.

ಐದನೇ ವಾರದ ಕೊನೆಗೆ ಹತ್ತು ಸಸಿಗಳು ಗಿಡ್ಡಗೆ ನಿಂತವು. ಅವು ಪೊದೆಯ ಸ್ವಂತ ಮಕ್ಕಳು. ನನ್ನ ಚಿಮಟ ಸಾಕಷ್ಟು ಬೇಗ, ಸಾಕಷ್ಟು ಶುದ್ಧವಾಗಿ ಕೆಲಸ ಮಾಡಿರಲಿಲ್ಲ ಎಂದರ್ಥ. ಹದಿನಾಲ್ಕು ಕೋಲು ಹತ್ತಿದವು. ಅವು ಕೂಡಿಕೆಯ ಮಕ್ಕಳಿರಬಹುದು, ಬರೀ ಬಳ್ಳಿಯ ಮಕ್ಕಳೂ ಇರಬಹುದು. ಹೂವು ಬರಲು ಇನ್ನೂ ಹತ್ತು ದಿನ ಬೇಕಿತ್ತು.

ಅಷ್ಟರಲ್ಲಿ ಹದಿನಾಲ್ಕನೇ ತಾರೀಕು ಬಂತು.

"ನಾಳೆ ಕಡೇ ದಿನ," ಎಂದಳು ಅಕ್ಕ. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅಮ್ಮ ಕಾಲರುಗಳಿಗೆ ಗುಂಡಿ ಹಾಕುತ್ತಿದ್ದಳು. "ಏನು ಹೇಳಲಿ ಅವರಿಗೆ?"

"ಬರಲ್ಲ ಅಂತ ಹೇಳು."

ಅಕ್ಕ ಪೇಪರು ಸುತ್ತುವುದನ್ನು ನಿಲ್ಲಿಸಿದಳು. "ನಿನ್ನ ಮೇಡಂ ಪತ್ರ ಕೊಟ್ರಾ?"

"ಇಲ್ಲ."

"ಕೊಡ್ತೀನಿ ಅಂದ್ರಾ?"

"ಇಲ್ಲ. ಹೂ ಬಂದ ಮೇಲೆ ನೋಡೋಣ ಅಂದಿದಾರೆ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ. ಹೂ ಬಿಳಿ ಬಂದ್ರೆ?"

"ಬಿಳಿ ಬಂದ್ರೆ ಮತ್ತೆ ಕ್ರಾಸ್ ಮಾಡಬೇಕು."

"ಅಲ್ಲಿ ಇಟ್ಕೊಳ್ಳದಿದ್ರೆ?"

"ಬೇರೆ ಕೇಂದ್ರಕ್ಕೆ ಹೋಗಿ ಕೇಳ್ತೀನಿ. ಇದೇ ಕೆಲಸ ಕೇಳ್ತೀನಿ." ಇಷ್ಟು ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಧೈರ್ಯ ಬಂದಿರಲಿಲ್ಲ. ಆದರೆ ಆ ಹೆದರಿಕೆಯ ಜೊತೆಗೇ ನಾನು ಐದು ವಾರ ಪ್ರತಿ ಬೆಳಿಗ್ಗೆ ಎದ್ದ ಕೂಡಲೇ ಬಸ್ಸಿಗೆ ಓಡಿದ್ದೆ. "ಸಿಟ್ಟಾಗಬೇಡ ಅಕ್ಕ. ನೀನು ಅಷ್ಟು ಕಷ್ಟಪಟ್ಟಿದ್ದೀಯ. ಮಾತ್ರೆ ಒಂದೇ ಥರ ಇದೆಯಾ ಅಂತ ನೋಡೋ ಕೆಲಸ ಅದು. ನನಗೆ ಬೇರೆ ಥರ ಇರೋದನ್ನ ಹುಡುಕೋ ಕೆಲಸ ಬೇಕು."

ಅಕ್ಕ ಅಮ್ಮನ ಕಡೆ ನೋಡಿದಳು. ಅಮ್ಮ ಗುಂಡಿ ಹಾಕುತ್ತಲೇ, "ದಿನಾ ನಡುಗುತ್ತಾ ಹೋಗ್ತಾಳೆ, ಆದರೂ ಹೋಗ್ತಾಳೆ. ಹೇಳಿಬಿಡು ಬರಲ್ಲ ಅಂತ," ಎಂದಳು.

ಅಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ, "ಅರಳಿತಾ ನಿನ್ನ ಹೂವು?" ಎಂದು ಕೇಳಿದಳು. ಅರಳಿತ್ತು. ಬಿಳಿ.

ಮರುದಿನ ಇನ್ನೆರಡು ಬಿಳಿ. ವಾರ ಕಳೆಯುವುದರೊಳಗೆ ಎರಡು ಪೊಟ್ಟಣಗಳ ಬಳ್ಳಿಗಳೆಲ್ಲ, ಒಟ್ಟು ಒಂಬತ್ತು, ಬಿಳಿ ಹೂ ಬಿಟ್ಟಿದ್ದವು. ಅವು ಮೂವತ್ತೊಂದರ ಸ್ವಂತ ಮಕ್ಕಳು. ನಾನು ಎಲ್ಲವನ್ನೂ ಪುಸ್ತಕದಲ್ಲಿ ಬರೆದೆ, ಆಯಾ ದಿನವೇ ಮೇಡಂಗೆ ಹೇಳಿದೆ. ಅವರು ಪ್ರತಿ ಸಲವೂ "ಸರಿ" ಎಂದಷ್ಟೇ ಅಂದರು. ಉಳಿದದ್ದು ಒಂದೇ ಪೊಟ್ಟಣದ ಐದು ಬಳ್ಳಿ. ಅವು ಎಲ್ಲಕ್ಕಿಂತ ಎತ್ತರಕ್ಕೆ ಹೋಗಿದ್ದವು, ಎಲ್ಲಕ್ಕಿಂತ ನಿಧಾನವಾಗಿದ್ದವು.

ಸೋಮವಾರ ಬೆಳಿಗ್ಗೆ ನಾನು ಗಾಜಿನಮನೆಗೆ ಹೋದಾಗ ಚೀಟಿ ಮಾವ ಆ ಐದರ ಮುಂದೆ ಬಗ್ಗಿ ನಿಂತಿದ್ದರು. ನನ್ನನ್ನು ನೋಡಿ ಪಕ್ಕಕ್ಕೆ ಸರಿದರು. ಎರಡನೇ ಕುಂಡದಲ್ಲಿ, ನನ್ನ ಭುಜದ ಎತ್ತರದಲ್ಲಿ ಒಂದು ಮೊಗ್ಗಿತ್ತು. ಇನ್ನೂ ಬಿರಿದಿರಲಿಲ್ಲ. ಹಸಿರು ಹೊದಿಕೆಯ ಸಂದಿಯಲ್ಲಿ ದಾರದಷ್ಟು ಬಣ್ಣ ಕಾಣುತ್ತಿತ್ತು.

"ನಾನು ಹೇಳಲ್ಲ. ನನ್ನ ಕಣ್ಣು ನಂಬಬೇಡ. ನೀನೇ ನೋಡು," ಎಂದರು.

ನಾನು ನೋಡಿದೆ. ನನ್ನ ಕಣ್ಣನ್ನೂ ನಂಬಲಿಲ್ಲ. ಹೋಗಿ ಮೇಡಂ ಅವರನ್ನು ಕರೆದುಕೊಂಡು ಬಂದೆ. ಅವರು ಭೂತಗನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದರು. ಕೈ ನಿಲ್ಲದೆ ಹೋದಾಗ ನಾನು ಅವರ ಮಣಿಕಟ್ಟನ್ನು ಹಿಡಿದುಕೊಂಡೆ. ಹಾಗೆ ಅವರನ್ನು ಮುಟ್ಟಿದ್ದು ಅದೇ ಮೊದಲು.

"ನೇರಳೆ," ಎಂದರು.

ಗುರುವಾರದ ಹೊತ್ತಿಗೆ ಐದೂ ನೇರಳೆ ಹೂ ಬಿಟ್ಟಿದ್ದವು, ಕೋಲಿನ ತುದಿಯವರೆಗೆ.

"ಇಪ್ಪತ್ನಾಲ್ಕರಲ್ಲಿ ಐದು ಮೇಡಂ," ಎಂದು ಅವರ ಕೋಣೆಗೆ ಹೋಗಿ ಹೇಳಿದೆ. ಕಡಿಮೆಯಾಯಿತು ಎಂಬ ಅಳುಕು ದನಿಯಲ್ಲಿ ಇತ್ತೇನೋ.

"ಒಂದಿದ್ದಿದ್ರೂ ಸಾಕಿತ್ತು. ನಾನು ಮೂರು ವರ್ಷ ಸೊನ್ನೆ ನೋಡಿದೀನಿ." ಕುರ್ಚಿಯಲ್ಲಿ ಕೂತರು. "ಕಂಪ್ಯೂಟರ್ ಹಾಕು. ಪತ್ರ ಬರಿಯೋಣ."

ಕೈ ನಡುಗುವುದರಿಂದ ಅವರ ಪತ್ರಗಳನ್ನೆಲ್ಲ ನಾನೇ ಟೈಪು ಮಾಡುತ್ತಿದ್ದೆ. ನನ್ನ ಬಗೆಗಿನ ಪತ್ರವನ್ನೂ ನಾನೇ ಟೈಪು ಮಾಡಬೇಕಾಗುತ್ತದೆ ಎಂದು ಅಂದುಕೊಂಡಿರಲಿಲ್ಲ. ಬೆರಳುಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಈಕೆ ತುಂಬಾ ಹೆದರುತ್ತಾಳೆ," ಎಂದು ಶುರುಮಾಡಿದರು.

"ಹೆದರುತ್ತಾಳೆ ಅಂತ ಬರೀಬೇಕಾ ಮೇಡಂ?"

"ಬರಿ. ಹೆದರಿದರೂ ಎಣಿಸುವುದನ್ನು ಬಿಡುವುದಿಲ್ಲ. ಪೂರ್ಣವಿರಾಮ. ಮೂರು ವರ್ಷ ನನ್ನ ಕೈಯಿಂದ ಆಗದ ಕೂಡಿಕೆ ಈಕೆಯ ಕೈಯಿಂದ ಆಗಿದೆ. ಈಕೆಯ ಕ್ರಾಸುಗಳಲ್ಲಿ ಹೆಚ್ಚಿನವು ಕೆಟ್ಟಿವೆ. ಅದೂ ಇರಲಿ, ಕೆಟ್ಟವು ಎಷ್ಟು ಅಂತ ಲೆಕ್ಕ ಕೊಟ್ಟವಳು ಅವಳೇ." ಸ್ವಲ್ಪ ಯೋಚಿಸಿದರು. "ಒಂದು ತಪ್ಪನ್ನು ಹೇಳಲು ಎರಡು ದಿನ ತೆಗೆದುಕೊಂಡಳು. ನಾಲ್ಕು ವರ್ಷ ಕೊಟ್ಟರೆ ಅದನ್ನು ಅರ್ಧ ಗಂಟೆಗೆ ಇಳಿಸುವ ಹೊಣೆ ನನ್ನದು."

ನಾನು ಟೈಪು ಮಾಡಿದೆ. ಪರದೆ ಮಂಜಾಗಿ ಕಂಡು, ಎರಡು ಅಕ್ಷರ ತಪ್ಪಿ, ಮತ್ತೆ ಹೊಡೆದೆ.

"ಓದು ನೋಡೋಣ."

ಕಡೆಯವರೆಗೂ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. "ಅರ್ಧ ಗಂಟೆ ಜಾಸ್ತಿಯಾಯ್ತು," ಎಂದರು. "ಹತ್ತು ನಿಮಿಷ ಅಂತ ಮಾಡು."